ಕಾರು ತಗ್ಗಿಸುವ ಸ್ಪ್ರಿಂಗ್: ಬಿಡಿಭಾಗ ವರ್ತಕರು ಅರಿಯಬೇಕಾದ ಲೆಕ್ಕ

ಪುಟ್ಟಣ್ಣ ಚೆಟ್ಟಿ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಜೆ.ಸಿ. ರಸ್ತೆ, ರಾಜ್ಯದ ವಾಹನ ಬಿಡಿಭಾಗಗಳ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾದ ಸ್ಥಳ. ಅದರ ಪಕ್ಕದ ಕಲಾಸಿಪಾಳ್ಯದಲ್ಲಿ ಲಾರಿ ಸಾಗಾಣಿಕೆಯ ಕಚೇರಿಗಳೂ ಬಸ್ ನಿಲ್ದಾಣವೂ ಇರುವುದರಿಂದ ಕಮಾನು ಪಟ್ಟಿ, ಬುಷ್, ಆಕ್ಸಲ್, ಶಾಕ್ ಅಬ್ಸಾರ್ಬರ್ ಮೊದಲಾದವುಗಳ ವಹಿವಾಟು ಇಲ್ಲಿ ಸಹಜವಾಗಿಯೇ ಬೇರೂರಿತು. ಒಂದು ಕಡೆ ಚಾಮರಾಜಪೇಟೆ, ಇನ್ನೊಂದು ಕಡೆ ಬಸವನಗುಡಿ. ಈ ಎರಡು ಬಡಾವಣೆಗಳ ಮನೆಗಳ ಕಾರುಗಳು ರಿಪೇರಿಗೆ ಬಂದಾಗ ಬಿಡಿಭಾಗ ತರಲು ಮೆಕ್ಯಾನಿಕ್‌ಗಳು ನಡೆದೇ ಬರಬಹುದಾದಷ್ಟು ಹತ್ತಿರದ ಪೇಟೆ ಇದು.

ಇಲ್ಲಿನ ಅಂಗಡಿಗಳಿಗೆ ಬರುವ ಗಿರಾಕಿಗಳಲ್ಲಿ ಬಹುತೇಕರದು ಒಂದೇ ಬೇಡಿಕೆ: ಹಾಳಾದ ಭಾಗಕ್ಕೆ ಸಮನಾದ ಹೊಸ ಭಾಗ. ಆದರೆ ಇವರ ಜೊತೆಗೆ ಇನ್ನೊಂದು ವರ್ಗದ ಗಿರಾಕಿಗಳೂ ಇದ್ದಾರೆ. ಇವರು ಹೆಚ್ಚಾಗಿ ಯುವಕರು. ಇವರ ಕಾರಿನಲ್ಲಿ ಹಾಳಾದದ್ದು ಏನೂ ಇರುವುದಿಲ್ಲ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಅಂತರ ಕಣ್ಣಿಗೆ ಚೆನ್ನಾಗಿ ಕಾಣುತ್ತಿಲ್ಲವೆಂದು, ಅಥವಾ ತಿರುವುಗಳಲ್ಲಿ ಗಾಡಿ ವಾಲುತ್ತದೆಯೆಂದು, ಕಾರನ್ನು ಒಂದೆರಡು ಅಂಗುಲ ತಗ್ಗಿಸಬೇಕೆಂಬುದು ಇವರ ಅಪೇಕ್ಷೆ. ಬೇಡಿಕೆ ಸಣ್ಣದು, ಲಾಭಾಂಶ ಮಾತ್ರ ಆಕರ್ಷಕ. ಆದುದರಿಂದಲೇ ಈ ವ್ಯಾಪಾರಕ್ಕೆ ಕೈಹಾಕುವ ಮೊದಲು ವರ್ತಕರೂ ಸಣ್ಣ ತಯಾರಕರೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಈ ಸರಕಿನಲ್ಲಿ ತಪ್ಪು ಆಯ್ಕೆಯಾದರೆ ಗಿರಾಕಿ ಸಾಮಾನು ವಾಪಸು ತಂದುಕೊಟ್ಟು ಹೋಗುವುದಿಲ್ಲ; ಸೀಟಿನಿಂದ ಜಾರಿದ ಸ್ಪ್ರಿಂಗ್ ಮೊದಲು ಕೇಳುವುದು ಕಾರಿನಲ್ಲಿ ಕುಳಿತವರ ಪ್ರಾಣವನ್ನು.

ಕಮಾನಿನಿಂದ ಸುರುಳಿಗೆ

ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳ ಕಾಲದಲ್ಲಿ ಈ ಕೆಲಸದ ಸ್ವರೂಪವೇ ಬೇರೆಯಾಗಿತ್ತು. ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ತಿರುಚಿಕೊಂಡು ಭಾರ ಹೊರುವ ಟಾರ್ಷನ್ ಬಾರ್, ಹಿಂಭಾಗದಲ್ಲಿ ಕಮಾನು ಪಟ್ಟಿಗಳು. ಪ್ರೀಮಿಯರ್ ಪದ್ಮಿನಿಯ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಮತ್ತೆ ಕಮಾನು ಪಟ್ಟಿ. ಗಾಡಿ ಕುಸಿದರೆ ಪಟ್ಟಿಯನ್ನು ಕಾಯಿಸಿ, ಬಡಿದು, ಮತ್ತೆ ಕಮಾನು ಕಟ್ಟಿಸುವುದು, ಹೆಚ್ಚು ಭಾರ ಹೊರಬೇಕಾದರೆ ಒಂದು ಪಟ್ಟಿಯನ್ನು ಸೇರಿಸುವುದು ಅಂದಿನ ವಾಡಿಕೆ. ಕಮ್ಮಾರನ ಕೈಚಳಕಕ್ಕೆ ಅಲ್ಲಿ ಅವಕಾಶವಿತ್ತು. ಒಂದು ಪಟ್ಟಿ ಮುರಿದರೂ ಉಳಿದವು ಗಾಡಿಯನ್ನು ಹೇಗೋ ಮನೆ ಸೇರಿಸುತ್ತಿದ್ದವು.

1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಕಾರಿನೊಡನೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆ ನಮ್ಮ ಗ್ಯಾರೇಜುಗಳಿಗೆ ಪರಿಚಿತವಾಯಿತು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವಿನ್ಯಾಸವನ್ನು 1950ರಲ್ಲಿ ಬಂದ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರು ಜನಪ್ರಿಯಗೊಳಿಸಿತ್ತು. ಇದರಲ್ಲಿ ಶಾಕ್ ಅಬ್ಸಾರ್ಬರ್ ಎಂಬುದು ಕುಲುಕಾಟವನ್ನು ತಡೆಯುವ ಸಾಧನ ಮಾತ್ರವಲ್ಲ. ಚಕ್ರವನ್ನು ನೆಟ್ಟಗೆ ಹಿಡಿದು ನಿಲ್ಲಿಸುವ ಕಂಬವೂ ಹೌದು. ಅದರ ಸುತ್ತಲೇ ಸುರುಳಿ ಸ್ಪ್ರಿಂಗ್ ಕುಳಿತಿರುತ್ತದೆ. ಇಂದು ಸಣ್ಣ ಕಾರುಗಳ ಮುಂಭಾಗದಲ್ಲಿ ಇದೇ ಪದ್ಧತಿ ಸರ್ವೇಸಾಮಾನ್ಯ. ಹಿಂಭಾಗದಲ್ಲಿ ಬಹುಪಾಲು ಒಂದೇ ಅಡ್ಡತೊಲೆಯೂ, ಅದರ ಮೇಲೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳೂ ಇರುತ್ತವೆ. ಹೀಗಾಗಿ ಕಮಾನು ಪಟ್ಟಿಯ ಕಾಲದ ಅನುಭವವನ್ನು ಸುರುಳಿಗೆ ಅನ್ವಯಿಸಿದರೆ ಅನರ್ಥ ಕಟ್ಟಿಟ್ಟ ಬುತ್ತಿ. ವಿಷಾದದ ಸಂಗತಿಯೆಂದರೆ ಅನ್ವಯಿಸುವವರು ಇನ್ನೂ ಇದ್ದಾರೆ.

ಕತ್ತರಿಸಿದ ಸುರುಳಿ

ಕಾರು ತಗ್ಗಿಸಲು ಅತ್ಯಂತ ಅಗ್ಗದ ಉಪಾಯವೆಂದರೆ ಇರುವ ಸ್ಪ್ರಿಂಗನ್ನೇ ಕತ್ತರಿಸುವುದು. ಗ್ರೈಂಡರ್ ಯಂತ್ರವೊಂದಿದ್ದರೆ ಅರ್ಧ ದಿನದ ಕೆಲಸ. ಇದರಿಂದ ಆಗುವುದೇನು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡುವುದು ಒಳಿತು. ಕೆಳಗಿನ ಅಂಕಿಗಳು ಯಾವುದೇ ಕಂಪನಿಯ ಕಾರಿನವಲ್ಲ. ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು.

ಭಾರವಿಲ್ಲದಾಗ 340 ಮಿ.ಮೀ. ಉದ್ದವಿರುವ, ಕೆಲಸ ಮಾಡುವ 6 ಸುತ್ತುಗಳಿರುವ ಒಂದು ಮುಂಭಾಗದ ಸ್ಪ್ರಿಂಗ್ ಇದೆಯೆಂದು ಭಾವಿಸೋಣ. ಅದನ್ನು 1 ಮಿ.ಮೀ. ಅದುಮಲು 2 ಕಿಲೋಗ್ರಾಂ ಭಾರ ಬೇಕು. ಅದರ ಮೇಲೆ ಕಾರಿನ 300 ಕಿಲೋಗ್ರಾಂ ಭಾರ ಕುಳಿತಾಗ ಸ್ಪ್ರಿಂಗ್ 150 ಮಿ.ಮೀ. ಅದುಮಲ್ಪಟ್ಟು 190 ಮಿ.ಮೀ. ಉದ್ದಕ್ಕೆ ನಿಲ್ಲುತ್ತದೆ. ಈಗ ಒಂದು ಸುತ್ತನ್ನು ಕತ್ತರಿಸಿದರೆ ಉದ್ದದಲ್ಲಿ ಸುಮಾರು 52 ಮಿ.ಮೀ. ಹೋಗಿ 288 ಮಿ.ಮೀ. ಉಳಿಯುತ್ತದೆ. ಗಿರಾಕಿಯು ಕಾರು 52 ಮಿ.ಮೀ. ತಗ್ಗುವುದೆಂದು ಭಾವಿಸುತ್ತಾನೆ. ಆದರೆ ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ. ಆರರ ಜಾಗದಲ್ಲಿ ಐದು ಸುತ್ತುಗಳಾದಾಗ ಬಿಗುವು ಶೇ. 20ರಷ್ಟು ಏರಿ, 1 ಮಿ.ಮೀ.ಗೆ 2.4 ಕಿಲೋಗ್ರಾಂ ಆಗುತ್ತದೆ. ಅದೇ ಭಾರಕ್ಕೆ ಅದು ಈಗ ಅದುಮುವುದು 125 ಮಿ.ಮೀ. ಮಾತ್ರ. ಕಾರು ವಾಸ್ತವವಾಗಿ ತಗ್ಗುವುದು 27 ಮಿ.ಮೀ.

ಅಷ್ಟಕ್ಕೆ ತೃಪ್ತನಾಗದ ಗಿರಾಕಿ ಇನ್ನೊಂದು ಸುತ್ತನ್ನೂ ಕತ್ತರಿಸಿರೆನ್ನುತ್ತಾನೆ. ಈಗ ಉದ್ದ 236 ಮಿ.ಮೀ., ಬಿಗುವು 3 ಕಿಲೋಗ್ರಾಂ, ತಗ್ಗಿದ್ದು 54 ಮಿ.ಮೀ. ಕಣ್ಣಿಗೆ ಬೇಕಾದ ಅಂದ ಬಂದಿತು.

ಅಪಾಯವಿರುವುದು ಕಾರು ನಿಂತಾಗ ಅಲ್ಲ. ಉಬ್ಬನ್ನು ದಾಟಿ ಚಕ್ರ ಕೆಳಕ್ಕೆ ಇಳಿಬಿದ್ದಾಗ, ಅಥವಾ ಗುಂಡಿಯ ಅಂಚಿನಿಂದ ಚಕ್ರ ಗಾಳಿಗೆ ತೂಗಿದಾಗ, ಸ್ಟ್ರಟ್ ತನ್ನ ಪೂರ್ಣ ಉದ್ದಕ್ಕೆ ಚಾಚಿಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಆಗ ಮೇಲಿನ ಮತ್ತು ಕೆಳಗಿನ ಸೀಟುಗಳ ನಡುವಿನ ಅಂತರ 300 ಮಿ.ಮೀ. ಎಂದುಕೊಳ್ಳೋಣ. 340 ಮಿ.ಮೀ. ಉದ್ದದ ಮೂಲ ಸ್ಪ್ರಿಂಗ್ ಆ ಸ್ಥಿತಿಯಲ್ಲೂ 40 ಮಿ.ಮೀ. ಅದುಮಿಕೊಂಡೇ ಇರುತ್ತದೆ, 80 ಕಿಲೋಗ್ರಾಂ ಬಲದಿಂದ ಎರಡೂ ಸೀಟುಗಳನ್ನು ಒತ್ತಿ ಹಿಡಿದಿರುತ್ತದೆ. ಒಂದು ಸುತ್ತು ಕತ್ತರಿಸಿದ ಸ್ಪ್ರಿಂಗ್ 12 ಮಿ.ಮೀ. ಸಡಿಲ. ಎರಡು ಸುತ್ತು ಕತ್ತರಿಸಿದ್ದು 64 ಮಿ.ಮೀ. ಸಡಿಲ! ಸೀಟಿನಲ್ಲಿ ಸ್ಪ್ರಿಂಗಿನ ತುದಿ ಕುಳಿತುಕೊಳ್ಳಲೆಂದೇ ಮಾಡಿದ ತೋಡಿನಿಂದ ಅದು ಹೊರಳಿ, ಭಾರ ಮತ್ತೆ ಬಿದ್ದಾಗ ಓರೆಯಾಗಿ ಕುಳಿತುಕೊಳ್ಳುತ್ತದೆ. ಗಿರಾಕಿಗಳು ‘ಟಕ್ ಟಕ್ ಸದ್ದು’ ಎಂದು ದೂರುವುದು ಇದನ್ನೇ. ಓರೆಯಾದ ಸ್ಪ್ರಿಂಗ್ ಟೈರಿನ ಒಳಬದಿಗೆ ತಗುಲಿದರೆ ಸದ್ದಿನ ಮಟ್ಟದಲ್ಲಿ ನಿಲ್ಲುವುದಿಲ್ಲ.

ಇದಕ್ಕಿಂತಲೂ ಕೆಟ್ಟ ಉಪಾಯವೆಂದರೆ ಗ್ಯಾಸ್ ಟಾರ್ಚ್ ಹಿಡಿದು ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಕುಗ್ಗಿಸುವುದು. ಸ್ಪ್ರಿಂಗ್ ಉಕ್ಕಿಗೆ ಅದರ ಗುಣ ಬಂದಿರುವುದು ನಿಯಂತ್ರಿತ ಉಷ್ಣ ಸಂಸ್ಕಾರದಿಂದ. ಕೆಂಪಗೆ ಕಾದು ಬಯಲಿನಲ್ಲಿ ಆರಿದ ಭಾಗ ಆ ಗುಣವನ್ನು ಕಳೆದುಕೊಳ್ಳುತ್ತದೆ. ಅದರ ಪಕ್ಕದ ಭಾಗ ಉಳಿಸಿಕೊಂಡಿರುತ್ತದೆ. ಒಂದೇ ಸುರುಳಿಯಲ್ಲಿ ಎರಡು ಬಗೆಯ ಉಕ್ಕು. ಅದು ಎಲ್ಲಿ ಕುಸಿಯುವುದು, ಎಲ್ಲಿ ಸೀಳುವುದು ಎಂಬುದನ್ನು ಯಾವ ಮೇಸ್ತ್ರಿಯೂ ಮುಂಚಿತವಾಗಿ ಹೇಳಲಾರ. ಈ ಕೆಲಸವನ್ನು ಮಾಡಿಕೊಡುವ ಅಂಗಡಿಯು ತನ್ನ ಹೆಸರಿನ ಫಲಕವನ್ನು ಇಳಿಸಿಡುವುದೇ ಲೇಸು.

ತಯಾರಾದ ಸ್ಪ್ರಿಂಗುಗಳನ್ನು ಆರಿಸುವ ಬಗೆ

ಹಾಗಾದರೆ ತಗ್ಗಿಸಲೆಂದೇ ತಯಾರಾದ ಸ್ಪ್ರಿಂಗ್ ಈ ತೊಡಕನ್ನು ಹೇಗೆ ಬಿಡಿಸುತ್ತದೆ? ಅದೇ ಉದಾಹರಣೆಯನ್ನು ಮುಂದುವರಿಸಬಹುದು. ಕಾರನ್ನು 30 ಮಿ.ಮೀ. ತಗ್ಗಿಸಿ, ಬಿಗುವನ್ನು ಶೇ. 30ರಷ್ಟು ಏರಿಸಬೇಕೆಂದರೆ ಸರಳ ಲೆಕ್ಕದಲ್ಲಿ ಸ್ಪ್ರಿಂಗಿನ ಉದ್ದ ಸುಮಾರು 275 ಮಿ.ಮೀ. ಆಗಬೇಕು. ಅದೂ 25 ಮಿ.ಮೀ. ಸಡಿಲವಾಗಿಯೇ ಇರುತ್ತದೆ. ಇದಕ್ಕೆ ಎರಡೇ ಪರಿಹಾರ. ಒಂದು, ಸ್ಪ್ರಿಂಗಿನ ಒಂದು ತುದಿಯಲ್ಲಿ ಒತ್ತೊತ್ತಾಗಿ ಸುತ್ತಿದ ಮೃದುವಾದ ಸುತ್ತುಗಳನ್ನು ಸೇರಿಸುವುದು. ಕಾರಿನ ಭಾರಕ್ಕೆ ಅವು ಪೂರ್ತಿ ಮುಚ್ಚಿಕೊಂಡು ಬಿಗಿ ಸುತ್ತುಗಳು ಮಾತ್ರ ಕೆಲಸ ಮಾಡುತ್ತವೆ. ಚಕ್ರ ಇಳಿಬಿದ್ದಾಗ ಅವು ಬಿಚ್ಚಿಕೊಂಡು ಸೀಟನ್ನು ಬಿಡದೆ ಹಿಡಿದಿರುತ್ತವೆ. ಎರಡನೆಯದು, ಸ್ಟ್ರಟ್ಟನ್ನೇ ಗಿಡ್ಡ ಮಾಡುವುದು. ಅಂಗಡಿಯ ಮೇಜಿನ ಮೇಲೆ ಇಟ್ಟ ತಗ್ಗು ಸ್ಪ್ರಿಂಗಿನ ಒಂದು ತುದಿಯಲ್ಲಿ ಸುತ್ತುಗಳು ಏಕೆ ಒತ್ತಾಗಿವೆಯೆಂದು ಗಿರಾಕಿ ಕೇಳಿದರೆ ವರ್ತಕರು ಕೊಡಬೇಕಾದ ಉತ್ತರ ಇದು. ಕೆಲವರು ಅದನ್ನು ‘ಡಿಸೈನ್’ ಎಂದು ಹೇಳಿ ಮುಗಿಸುತ್ತಾರೆ.

ಆದುದರಿಂದ ಪೆಟ್ಟಿಗೆಯ ಮೇಲೆ ‘30 ಮಿ.ಮೀ. ತಗ್ಗು’ ಎಂದು ಬರೆದಿರುವುದು ಸಾಲದು. ಯಾವ ಮಾದರಿ, ಯಾವ ವರ್ಷ, ಪೆಟ್ರೋಲೋ ಡೀಸೆಲ್ಲೋ, ಮುಂಭಾಗದ ಗರಿಷ್ಠ ಆಕ್ಸಲ್ ಭಾರ ಎಷ್ಟು ಎಂಬ ವಿವರಗಳಿರಬೇಕು. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಪೆಟ್ರೋಲ್ ಎಂಜಿನ್‌ಗಿಂತ ಭಾರ. ಪೆಟ್ರೋಲ್ ಕಾರಿನ ಸ್ಪ್ರಿಂಗನ್ನು ಡೀಸೆಲ್ ಕಾರಿಗೆ ಹಾಕಿದರೆ ಮೂತಿ ಇನ್ನಷ್ಟು ಕುಸಿಯುತ್ತದೆ.

ತಂತಿಯ ದಪ್ಪವನ್ನು ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಸಾಕು, ಮತ್ತು ಅದರ ಬೆಲೆ ಒಂದು ಸ್ಪ್ರಿಂಗಿನ ಲಾಭಕ್ಕಿಂತ ಹೆಚ್ಚೇನಲ್ಲ. ಸ್ಪ್ರಿಂಗಿನ ಬಿಗುವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಶೇ. 10ರಷ್ಟು ಹೆಚ್ಚಾದರೆ ಬಿಗುವು ಶೇ. 46ರಷ್ಟು ಏರುತ್ತದೆ. 13 ಮಿ.ಮೀ. ಇರಬೇಕಾದಲ್ಲಿ 12 ಮಿ.ಮೀ. ತಂತಿ ಬಳಸಿದ ನಕಲಿ ಸ್ಪ್ರಿಂಗ್, ಉಳಿದ ಅಳತೆಗಳೆಲ್ಲ ಸಮನಾಗಿದ್ದರೂ, ಶೇ. 27ರಷ್ಟು ಮೃದುವಾಗಿರುತ್ತದೆ. ಬಣ್ಣ, ಪೆಟ್ಟಿಗೆ, ಹಾಲೋಗ್ರಾಂ ಎಲ್ಲವನ್ನೂ ನಕಲು ಮಾಡಬಹುದು. ಒಂದು ಮಿಲಿಮೀಟರ್ ಉಕ್ಕನ್ನು ಉಳಿಸಿದವನು ಕ್ಯಾಲಿಪರ್‌ನಿಂದ ತಪ್ಪಿಸಿಕೊಳ್ಳಲಾರ.

ಜರ್ಮನಿಯ ಐಬಾಕ್ ಸಂಸ್ಥೆ 1951ರಲ್ಲಿ ಆರಂಭವಾಯಿತು; ತಗ್ಗು ಸ್ಪ್ರಿಂಗುಗಳ ವ್ಯಾಪಾರದಲ್ಲಿ ಅದೂ, ಎಚ್ ಅಂಡ್ ಆರ್ ಸಂಸ್ಥೆಯೂ ಲೋಕವಿಖ್ಯಾತ. ಶಾಕ್ ಅಬ್ಸಾರ್ಬರ್‌ಗಳಲ್ಲಿ ಜರ್ಮನಿಯ ಬಿಲ್‌ಸ್ಟೀನ್, ಹಾಲೆಂಡಿನ ಕೋನಿ, ಜಪಾನಿನ ಕಾಯಾಬಾ ಹೆಸರುವಾಸಿ. ಆದರೆ ಹೆಸರು ದೊಡ್ಡದೆಂದ ಮಾತ್ರಕ್ಕೆ ಸರಕು ನಮ್ಮ ಕಾರಿಗೆ ಹೊಂದುವುದೆಂದು ತಿಳಿಯಬಾರದು. ಯೂರೋಪಿನ ಕಾರುಗಳನ್ನು ಭಾರತಕ್ಕೆ ತರುವಾಗ ತಯಾರಕರು ನಮ್ಮ ರಸ್ತೆಗಳಿಗಾಗಿ ಅವುಗಳನ್ನು ಎತ್ತರಿಸುವುದು ವಾಡಿಕೆ. ಯೂರೋಪಿನ ಮೂಲ ಎತ್ತರದಿಂದ 30 ಮಿ.ಮೀ. ತಗ್ಗಿಸಲೆಂದು ಮಾಡಿದ ಸ್ಪ್ರಿಂಗ್ ಅದೇ ಹೆಸರಿನ ಭಾರತೀಯ ಕಾರನ್ನು ಅದಕ್ಕಿಂತ ಹೆಚ್ಚೇ ತಗ್ಗಿಸಬಹುದು. ಆಮದು ಮಾಡಿದ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಗಿರಾಕಿಗೆ ಭರವಸೆಯಾಗಿ ಕೊಡುವ ಮುನ್ನ ಇದನ್ನು ನೆನಪಿಡಬೇಕು.

ಶಾಕ್ ಅಬ್ಸಾರ್ಬರ್ ಮತ್ತು ಅದರ ಪರಿವಾರ

ಸ್ಪ್ರಿಂಗ್ ಭಾರ ಹೊರುತ್ತದೆ. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಬಿಗುವು ಶೇ. 30ರಷ್ಟು ಏರಿದರೆ ಅದನ್ನು ಮೊದಲಿನಷ್ಟೇ ಹತೋಟಿಯಲ್ಲಿಡಲು ಶಾಕ್ ಅಬ್ಸಾರ್ಬರ್‌ನ ತಡೆಯೂ ಸುಮಾರು ಶೇ. 14ರಷ್ಟು ಏರಬೇಕು. ಹೊಸ ಶಾಕ್ ಅಬ್ಸಾರ್ಬರ್‌ನಲ್ಲಿ ಇಷ್ಟು ಅವಕಾಶ ಇದ್ದೀತು. ಆದರೆ 60 ಸಾವಿರ ಕಿಲೋಮೀಟರ್ ಓಡಿ ಬಳಲಿದ, ಎಣ್ಣೆ ಒಸರುವ ಹಳೆಯ ಶಾಕ್ ಅಬ್ಸಾರ್ಬರ್ ಮೇಲೆ ಹೊಸ ಬಿಗಿ ಸ್ಪ್ರಿಂಗನ್ನು ಕೂರಿಸಿದರೆ ಕಾರು ರಸ್ತೆಯನ್ನು ಹಿಡಿಯುವುದಕ್ಕೆ ಬದಲಾಗಿ ಚೆಂಡಿನಂತೆ ಪುಟಿಯುತ್ತದೆ. ಸ್ಪ್ರಿಂಗ್ ಮಾತ್ರ ಕೊಂಡು ಹಣ ಉಳಿಸುತ್ತೇನೆನ್ನುವ ಗಿರಾಕಿಗೆ ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನು ಮೊದಲು ತೋರಿಸಲು ಹೇಳುವುದು ಒಳ್ಳೆಯ ವರ್ತಕರ ಲಕ್ಷಣ.

ಇನ್ನೊಂದು ಸೂಕ್ಷ್ಮವಿದೆ. ಕಾರು ತಗ್ಗಿದಷ್ಟೂ ಶಾಕ್ ಅಬ್ಸಾರ್ಬರ್‌ನ ದಂಡ ಒಳಗೆ ಹೋಗಿ ನಿಂತಿರುತ್ತದೆ. ಮೂಲದಲ್ಲಿ ತಡೆ ರಬ್ಬರಿನವರೆಗೆ 80 ಮಿ.ಮೀ. ಓಟವಿದ್ದರೆ, 54 ಮಿ.ಮೀ. ತಗ್ಗಿಸಿದ ಕಾರಿನಲ್ಲಿ ಉಳಿಯುವುದು 26 ಮಿ.ಮೀ. ಮೂಲ ಸ್ಪ್ರಿಂಗ್ ಆ 80 ಮಿ.ಮೀ.ಯಲ್ಲಿ 160 ಕಿಲೋಗ್ರಾಂ ಹೆಚ್ಚುವರಿ ಭಾರವನ್ನು ತಾಳುತ್ತಿತ್ತು. ಕತ್ತರಿಸಿದ ಸ್ಪ್ರಿಂಗ್ ಎಷ್ಟೇ ಬಿಗಿಯಾದರೂ 26 ಮಿ.ಮೀ.ಯಲ್ಲಿ ತಾಳುವುದು 78 ಕಿಲೋಗ್ರಾಂ. ಅಲ್ಲಿಂದಾಚೆಗೆ ಪೆಟ್ಟು ನೇರವಾಗಿ ಸ್ಟ್ರಟ್ಟಿನ ತಲೆಗೆ, ಕಾರಿನ ದೇಹಕ್ಕೆ, ಕೊನೆಗೆ ಕುಳಿತವರ ಬೆನ್ನುಮೂಳೆಗೆ. ಒಳ್ಳೆಯ ಕಿಟ್ಟುಗಳಲ್ಲಿ ಗಿಡ್ಡವಾದ ತಡೆ ರಬ್ಬರನ್ನೂ ಜೊತೆಗೆ ಕೊಟ್ಟಿರುವುದು ಇದಕ್ಕಾಗಿಯೇ. ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಆ ರಬ್ಬರ್ ತುಂಡನ್ನು ಕಸವೆಂದು ಎಸೆಯುವ ಗ್ಯಾರೇಜುಗಳಿಗೆ ಏನು ಹೇಳುವುದು?

‘ಕಾಯಿಲ್ ಓವರ್’ ಎಂದು ಕರೆಯಲಾಗುವ, ಎತ್ತರವನ್ನು ತಿರುಪಿನಿಂದ ಹೊಂದಿಸಬಹುದಾದ ಸೆಟ್ಟುಗಳಿಗೆ ಇತ್ತೀಚಿನ ವರ್ಷಗಳಲ್ಲಿ ವಿಚಾರಣೆ ಹೆಚ್ಚಾಗಿದೆ. ಇವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಸ್ಪ್ರಿಂಗಿನ ಕೆಳಸೀಟು ಮಾತ್ರ ಮೇಲೆ ಕೆಳಗೆ ಸರಿಯುತ್ತದೆ. ಅದನ್ನು ತಳಕ್ಕೆ ಇಳಿಸಿದರೆ ಓಟ ಕಡಿಮೆಯಾಗಿ, ಸ್ಪ್ರಿಂಗ್ ಸಡಿಲವಾಗಿ, ಕತ್ತರಿಸಿದ ಸುರುಳಿಯ ತೊಂದರೆಗಳೇ ದುಬಾರಿ ಬೆಲೆಗೆ ಮರಳಿ ಬರುತ್ತವೆ. ಇನ್ನೊಂದರಲ್ಲಿ ಶಾಕ್ ಅಬ್ಸಾರ್ಬರ್‌ನ ಕೆಳಭಾಗದ ಉದ್ದವನ್ನೇ ಬದಲಿಸಬಹುದಾದುದರಿಂದ ಓಟ ಹಾಗೆಯೇ ಉಳಿಯುತ್ತದೆ. ಮಾರುವವರಿಗೆ ಈ ವ್ಯತ್ಯಾಸ ತಿಳಿದಿರಲೇಬೇಕು. ಮಳೆಗಾಲದ ಕೆಸರಿನಲ್ಲಿ ತಿರುಪುಗಳು ಹಿಡಿದುಕೊಳ್ಳುವುದು ಸಾಮಾನ್ಯ. ಎರಡು ಮಳೆಗಾಲ ತಿರುಗಿಸದೆ ಬಿಟ್ಟ ಕಾಲರನ್ನು ಆಮೇಲೆ ಬಿಚ್ಚುವುದು ಸುತ್ತಿಗೆಯ ಕೆಲಸ.

ಎತ್ತರ ಬದಲಾದೊಡನೆ ಚಕ್ರಗಳ ಕೋನಗಳೂ ಬದಲಾಗುತ್ತವೆ. ಕೆಳತೋಳು ಮತ್ತು ಸ್ಟಿಯರಿಂಗ್ ದಂಡಗಳು ಬೇರೆ ಬೇರೆ ಕೋನದಲ್ಲಿ ಏಳುವುದರಿಂದ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ಟೈರಿನ ಒಂದು ಅಂಚು ಸವೆಯುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಕಾರನ್ನು ಹೊರಗೆ ಕಳುಹಿಸಬಾರದು; ಸ್ಪ್ರಿಂಗುಗಳು ಕುಳಿತುಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕಾದುದರಿಂದ ಆಮೇಲೆ ಇನ್ನೊಮ್ಮೆ ಪರೀಕ್ಷಿಸುವುದು ಮೇಲು. ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಬೇಕು. ಸ್ಟ್ರಟ್ ಮೌಂಟ್, ಬಾಲ್ ಜಾಯಿಂಟ್, ಬುಷ್‌ಗಳು ಹಳೆಯವಾಗಿದ್ದರೆ ಗಾಡಿ ಬಿಚ್ಚಿದಾಗಲೇ ಬದಲಿಸಿದರೆ ಕೂಲಿ ಉಳಿಯುತ್ತದೆ.

ಹಳೆಯ ಬಡಾವಣೆಗಳ ಉಬ್ಬುತಗ್ಗು

ತಗ್ಗಿಸಿದ ಕಾರು ಓಡಬೇಕಾದುದು ಈ ಊರಿನಲ್ಲಿಯೇ ಎಂಬುದನ್ನು ಮರೆಯಬಾರದು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದವು. ಇಲ್ಲಿನ ಅಡ್ಡರಸ್ತೆಗಳು ಹುಟ್ಟಿದ್ದು ಜಟಕಾ ಗಾಡಿಗಳ ಕಾಲದಲ್ಲಿ. ರಸ್ತೆಗೂ ಮನೆಯ ಗೇಟಿಗೂ ನಡುವೆ ಚರಂಡಿ, ಅದರ ಮೇಲೆ ಕಲ್ಲಿನ ಚಪ್ಪಡಿ, ಅಲ್ಲಿಂದ ಕಡಿದಾದ ಇಳಿಜಾರು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಏರಿದ ಕಡೆಗಳಲ್ಲಿ ಆ ಇಳಿಜಾರು ಇನ್ನೂ ವಿಚಿತ್ರವಾಗಿದೆ.

ರಸ್ತೆ ಉಬ್ಬುಗಳ ವಿಷಯ ಇನ್ನೂ ಕುತೂಹಲಕರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರ ಮಾರ್ಗಸೂಚಿಯಲ್ಲಿ ಹೇಳಿದ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ. ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಕಾರು ಇದರ ಮೇಲೆ ಸರಿಯಾಗಿ ನಡುವೆ ನಿಂತಾಗ ಮುಂದಿನ ಹಿಂದಿನ ಚಕ್ರಗಳೂ ಉಬ್ಬಿನ ಮೇಲೆಯೇ ಇರುತ್ತವೆ. ಹೊಟ್ಟೆಯ ಕಡೆಗೆ ಉಬ್ಬು ಏರಿ ಬರುವುದು 4 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಮಾತ್ರ. ತಗ್ಗಿಸಿದ ಕಾರೂ ನಿರಾತಂಕವಾಗಿ ದಾಟುತ್ತದೆ. ಆದರೆ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಎದ್ದುನಿಲ್ಲುವ, ಒಂದು ಮೀಟರ್ ಅಗಲವೂ ಇಲ್ಲದ, 15 ಸೆಂ.ಮೀ. ಎತ್ತರದ ದಿಬ್ಬಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಚಕ್ರಗಳೆರಡೂ ಸಮತಟ್ಟಿನಲ್ಲಿ ಇಳಿದಿರುತ್ತವೆ, ದಿಬ್ಬ ಪೂರ್ತಿ 15 ಸೆಂ.ಮೀ. ಹೊಟ್ಟೆಯ ಕೆಳಗಿರುತ್ತದೆ.

2005ರಲ್ಲಿ ಬಂದ ಮಾರುತಿ ಸ್ವಿಫ್ಟ್ ಕಾರಿನ ನೆಲದ ಅಂತರ 170 ಮಿ.ಮೀ. ಎಂದು ಪ್ರಕಟವಾಗಿತ್ತು. ಇಷ್ಟು ಅಂತರವಿರುವ ಖಾಲಿ ಕಾರಿನಲ್ಲಿ ತಲಾ 70 ಕಿಲೋಗ್ರಾಂ ತೂಕದ ನಾಲ್ವರು ಕುಳಿತರೆ, ನಮ್ಮ ಉದಾಹರಣೆಯ ಬಿಗುವಿನ ಸ್ಪ್ರಿಂಗುಗಳು 35 ಮಿ.ಮೀ. ಕುಸಿಯುತ್ತವೆ; ಉಳಿಯುವುದು 135. ಅದನ್ನು 30 ಮಿ.ಮೀ. ತಗ್ಗಿಸಿದರೆ ಹತ್ತಿರ ಹತ್ತಿರ 110. ಬ್ರೇಕ್ ಹಾಕಿದಾಗ ಮೂತಿ ಬಾಗುವುದು ಬೇರೆ. ಆಯಿಲ್ ಸಂಪ್ ಒಡೆದರೆ ದುರಸ್ತಿಯ ಖರ್ಚು ಯಾರ ಪಾಲಿಗೆ ಎಂಬ ಜಗಳ ಅಂಗಡಿಯ ಬಾಗಿಲಿಗೇ ಬರುತ್ತದೆ. ಈ ಕಾರಣದಿಂದ ನಗರದೊಳಗೆ ಓಡುವ ಕುಟುಂಬದ ಕಾರಿಗೆ 25 ಮಿ.ಮೀ.ಗಿಂತ ಹೆಚ್ಚು ತಗ್ಗಿಸುವ ಸರಕನ್ನು ಮಾರದಿರುವುದೇ ವಿವೇಕ.

ಇದೇ ಪೇಟೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸರಕೂ ಬಿಕರಿಯಾಗುತ್ತದೆ ಎಂಬುದು ಸ್ವಾರಸ್ಯಕರ. ಸುರುಳಿಯ ಸುತ್ತುಗಳ ನಡುವೆ ತುರುಕಿ ಕಾರನ್ನು ಎತ್ತರಿಸುವ ರಬ್ಬರ್ ಬಫರ್‌ಗಳು ಅವು. ಒಂದೇ ಬೀದಿಯಲ್ಲಿ ಒಬ್ಬ ಗಿರಾಕಿ ಕಾರನ್ನು ಏರಿಸುತ್ತಾನೆ, ಇನ್ನೊಬ್ಬ ಇಳಿಸುತ್ತಾನೆ.

ಕಾನೂನಿನ ಕಡೆ

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು, ಕೇರಳದಿಂದ ಬಂದ ಒಂದು ಮೇಲ್ಮನವಿಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣವನ್ನು ಕಟ್ಟುನಿಟ್ಟಾಗಿ ಅರ್ಥೈಸಿ, ತಯಾರಕರ ಮೂಲ ನಿರ್ದಿಷ್ಟತೆಯನ್ನು ಬದಲಿಸುವಂತಿಲ್ಲವೆಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯ ಮೂಲಕ ಬಂದ 182ಎ ಪ್ರಕರಣವು, ಅನುಮತಿಯಿಲ್ಲದ ಬಿಡಿಭಾಗಗಳನ್ನು ಜೋಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಕೇಂದ್ರ ಸರ್ಕಾರವು ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಿದ ಬಿಡಿಭಾಗವನ್ನು ನಿಯಮಗಳಿಗೆ ಅನುಗುಣವಾಗಿಲ್ಲದಂತೆ ಮಾರಿದವರಿಗೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಪ್ರತಿ ಬಿಡಿಭಾಗಕ್ಕೆ 1 ಲಕ್ಷ ರೂಪಾಯಿ ದಂಡ. ವರ್ತಕರು ಗಮನಿಸಬೇಕಾದುದು ಇದನ್ನು.

ಜರ್ಮನಿಯಲ್ಲಿ ಪದ್ಧತಿ ಬೇರೆ. ಅಲ್ಲಿ ತಗ್ಗು ಸ್ಪ್ರಿಂಗಿನ ಪೆಟ್ಟಿಗೆಯೊಳಗೆ ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷಾ ಪತ್ರವಿರುತ್ತದೆ. ಜೋಡಿಸಿದ ಮೇಲೆ ಪರಿವೀಕ್ಷಕರು ನೋಡಿ ಒಪ್ಪಿದರೆ ವಾಹನದ ದಾಖಲೆಯಲ್ಲಿ ಅದು ಸೇರುತ್ತದೆ. ಸರಕು ಮಾರುವವನಿಗೆ, ಕೊಳ್ಳುವವನಿಗೆ, ವಿಮೆ ಮಾಡುವವನಿಗೆ ತಮ್ಮ ತಮ್ಮ ನೆಲೆ ತಿಳಿದಿರುತ್ತದೆ. ನಮ್ಮಲ್ಲಿ ಅಂತಹ ಪತ್ರದ ಆಸರೆಯಿಲ್ಲದೆ ವ್ಯಾಪಾರ ನಡೆಯುತ್ತಿರುವುದರಿಂದ, ಅಪಘಾತವಾದಾಗ ಘೋಷಿಸದ ಮಾರ್ಪಾಡನ್ನು ಮುಂದಿಟ್ಟು ವಿಮಾ ಕಂಪನಿ ಪರಿಹಾರವನ್ನು ಪ್ರಶ್ನಿಸಬಹುದು. ಜರ್ಮನಿಯಂತಹ ಪರೀಕ್ಷಾ ವ್ಯವಸ್ಥೆಯೊಂದನ್ನು ಇಲ್ಲಿಯೂ ಬೇಡುವುದು ವಾಣಿಜ್ಯ ಸಂಸ್ಥೆಗಳಿಗೆ ಯೋಗ್ಯವಾದ ವಿಷಯ. ಅಲ್ಲಿಯವರೆಗೆ ಸ್ಪರ್ಧಾ ಪಥದಲ್ಲಿ ಮಾತ್ರ ಓಡುವ ಕಾರುಗಳಿಗೂ, ರಸ್ತೆಯ ಕಾರುಗಳಿಗೂ ನಡುವಿನ ಗೆರೆಯನ್ನು ಬಿಲ್ಲಿನಲ್ಲಿಯೇ ಸ್ಪಷ್ಟವಾಗಿ ಎಳೆಯುವುದು ಉಚಿತ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕಿನ ಹೊಣೆಗಾರಿಕೆಯೆಂಬ ಹೊಸ ಅಧ್ಯಾಯವನ್ನು ತಂದಿತು. ತಯಾರಕನಲ್ಲದ ಮಾರಾಟಗಾರನೂ ಸರಕನ್ನು ಗಣನೀಯವಾಗಿ ಮಾರ್ಪಡಿಸಿ ಅದರಿಂದ ಹಾನಿಯಾದರೆ, ತಯಾರಕನು ಕೊಡದ ಭರವಸೆಯನ್ನು ತಾನೇ ಕೊಟ್ಟರೆ, ತಯಾರಕನು ಯಾರೆಂದು ತಿಳಿಯದಂತಹ ಸರಕನ್ನು ಮಾರಿದರೆ, ಅಥವಾ ಜೋಡಣೆ ಮತ್ತು ಪರಿಶೀಲನೆಯಲ್ಲಿ ಸಾಕಷ್ಟು ಎಚ್ಚರ ವಹಿಸದಿದ್ದರೆ ಹೊಣೆಗಾರನಾಗುತ್ತಾನೆ. ಸ್ಪ್ರಿಂಗ್ ಕತ್ತರಿಸಿಕೊಡುವುದು, ‘ಏನೂ ಆಗುವುದಿಲ್ಲ ತೆಗೆದುಕೊಳ್ಳಿ’ ಎನ್ನುವುದು, ಹೆಸರಿಲ್ಲದ ಪೆಟ್ಟಿಗೆಯ ಮಾಲು ಇಡುವುದು, ಇವು ಮೂರೂ ಈ ಅಧ್ಯಾಯದೊಳಗೆ ಸಲೀಸಾಗಿ ಬೀಳುತ್ತವೆ.

ದಾಸ್ತಾನು ಮತ್ತು ತಯಾರಿಕೆ

ಇನ್ನು ವ್ಯಾಪಾರದ ಲೆಕ್ಕ. ಪ್ರತಿ ಮಾದರಿಗೂ ಮುಂದೆ ಹಿಂದೆ ಬೇರೆ ಬೇರೆ ಸ್ಪ್ರಿಂಗ್, ಎಂಜಿನ್‌ಗೆ ತಕ್ಕಂತೆ ಮತ್ತೆ ಬೇರೆ. ಐದು ಮಾದರಿಗಳನ್ನು ಇಟ್ಟುಕೊಂಡರೂ ಬಂಡವಾಳ ಕಪಾಟಿನಲ್ಲಿ ನಿದ್ರಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದಾಗ ಮಾರುತಿ ಸಂಸ್ಥೆ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ತಗ್ಗಿಸುವವರ ಅಚ್ಚುಮೆಚ್ಚಿನ ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ತಯಾರಿಕೆ ಭಾರತದಲ್ಲಿ 2022ರಲ್ಲಿ ಮುಗಿಯಿತು. 2023-24ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 42 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಸುಮಾರು 25 ಲಕ್ಷ ಎತ್ತರದ ಯುಟಿಲಿಟಿ ವಾಹನಗಳೇ ಆಗಿದ್ದವು. ಎತ್ತರಕ್ಕೆಂದು ಹೆಚ್ಚು ಹಣ ಕೊಟ್ಟವನು ಅದನ್ನು ತಗ್ಗಿಸಲು ಮತ್ತೆ ಹಣ ಕೊಡುವುದು ವಿರಳ. ಹಾಗಾಗಿ ಈ ಸರಕನ್ನು ಮುಂಗಡ ಪಡೆದು ಆರ್ಡರಿನ ಮೇಲೆ ತರಿಸುವುದೇ ಕ್ಷೇಮ. ಹಳೆಯ ಕಾರುಗಳ ಕುಸಿದ ಸ್ಪ್ರಿಂಗುಗಳಿಗೆ ಮೂಲ ಎತ್ತರದ ಬದಲಿ ಒದಗಿಸುವ ವ್ಯಾಪಾರವೇ ಸ್ಥಿರವಾದದ್ದು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ. 18ರ ಏಕರೂಪ ಜಿ.ಎಸ್.ಟಿ. ದರ ಬಂದು, ಅಲ್ಲಿಯವರೆಗೆ ಶೇ. 28 ಇದ್ದ ಶಾಕ್ ಅಬ್ಸಾರ್ಬರ್‌ಗಳ ತೆರಿಗೆ ಇಳಿದಿರುವುದು ಬಿಲ್ ಇಲ್ಲದ ಮಾಲಿನ ಆಕರ್ಷಣೆಯನ್ನು ಸ್ವಲ್ಪವಾದರೂ ತಗ್ಗಿಸಿದೆ.

ಸಣ್ಣ ತಯಾರಕರಿಗೆ ಇಲ್ಲಿ ಅವಕಾಶವಿಲ್ಲವೆ? ಬೆಂಗಳೂರಿಗೆ ಸ್ಪ್ರಿಂಗ್ ತಯಾರಿಕೆ ಹೊಸದಲ್ಲ. ಜರ್ಮನ್ ಸಹಯೋಗದಿಂದ ಹುಟ್ಟಿದ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಸಂಸ್ಥೆ 1960ರ ದಶಕದಿಂದಲೂ ಈ ನಗರದಲ್ಲಿ ಸ್ಪ್ರಿಂಗ್ ತಯಾರಿಸುತ್ತಿದೆ. ಗಡಿಯಾಚೆಯ ಹೊಸೂರಿನಲ್ಲಿ ಗೇಬ್ರಿಯಲ್ ಸಂಸ್ಥೆಯ ಶಾಕ್ ಅಬ್ಸಾರ್ಬರ್ ಕಾರ್ಖಾನೆಯಿದೆ. ಪೀಣ್ಯದಲ್ಲಿ ಗಣಕ ನಿಯಂತ್ರಿತ ಯಂತ್ರಗಳಿಗೆ ಕೊರತೆಯಿಲ್ಲ. ಆದರೆ ಸುರುಳಿ ಸುತ್ತುವುದು ಕೆಲಸದ ಕಾಲು ಭಾಗ ಮಾತ್ರ. ಸುತ್ತಿದ ಮೇಲೆ ಒತ್ತಡ ಬಿಡಿಸುವ ಉಷ್ಣ ಸಂಸ್ಕಾರ, ಉಕ್ಕಿನ ಸಣ್ಣ ಗುಂಡುಗಳನ್ನು ಮೇಲ್ಮೈಗೆ ಎರಚಿ ಬಿರುಕು ಹುಟ್ಟದಂತೆ ಮಾಡುವ ಶಾಟ್ ಪೀನಿಂಗ್, ಸುತ್ತುಗಳು ಒಂದಕ್ಕೊಂದು ತಾಗುವವರೆಗೆ ಅದುಮಿ ಮುಂದೆ ಕುಸಿಯದಂತೆ ಮಾಡುವ ಸ್ಕ್ರಾಗಿಂಗ್, ತುಕ್ಕು ಹಿಡಿಯದ ಲೇಪನ, ಪ್ರತಿಯೊಂದು ಸ್ಪ್ರಿಂಗಿನ ಭಾರ ಪರೀಕ್ಷೆ, ಮಾದರಿಗಳ ಬಳಲಿಕೆ ಪರೀಕ್ಷೆ, ಇವೆಲ್ಲ ಆಗಬೇಕು. ಶಾಟ್ ಪೀನಿಂಗ್ ಬಿಟ್ಟ ಸ್ಪ್ರಿಂಗ್ ಹೊಸದಾಗಿದ್ದಾಗ ಒಳ್ಳೆಯದರಂತೆಯೇ ಕಾಣುತ್ತದೆ, ಭಾರ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗುತ್ತದೆ. ಅದು ಬೇಗ ಮುರಿಯುವುದು ರಸ್ತೆಯ ಮೇಲೆ, ಲಕ್ಷಾಂತರ ಕುಲುಕಾಟಗಳ ನಂತರ.

ಈ ಪರೀಕ್ಷೆಗಳ ವೆಚ್ಚವನ್ನು ತಿಂಗಳಿಗೆ ಇಪ್ಪತ್ತು ಮೂವತ್ತು ಸೆಟ್ಟುಗಳ ಮೇಲೆ ಹಂಚಿದರೆ ಬೆಲೆ ಆಮದು ಸರಕಿಗೆ ಸಮೀಪವಾಗಿಬಿಡುತ್ತದೆ. ಬದಲಿ ಸ್ಪ್ರಿಂಗುಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಘಟಕವು ಅದೇ ಯಂತ್ರದಲ್ಲಿ, ಅದೇ ಪರೀಕ್ಷೆಯಡಿಯಲ್ಲಿ, ತಗ್ಗು ಸ್ಪ್ರಿಂಗುಗಳನ್ನು ಪಕ್ಕದ ಸಾಲಾಗಿ ಮಾಡಿದರೆ ಮಾತ್ರ ಲೆಕ್ಕ ಕೂಡಬಹುದು. ಅಂಥ ಘಟಕದಿಂದ ಮಾಲು ಕೊಳ್ಳುವ ವರ್ತಕರು ಬ್ಯಾಚ್ ಸಂಖ್ಯೆ, ತಂತಿಯ ದರ್ಜೆ, ಬಿಗುವಿನ ಅಂಕಿ ಈ ಮೂರನ್ನೂ ಬರಹದಲ್ಲಿ ಪಡೆದು, ಅದರ ಪ್ರತಿಯೊಂದನ್ನು ಗಿರಾಕಿಯ ಬಿಲ್ಲಿಗೆ ಲಗತ್ತಿಸಬೇಕು. ಕಾರಿನ ನೋಂದಣಿ ಸಂಖ್ಯೆ, ಜೋಡಿಸುವ ಮೊದಲು ಮತ್ತು ನಂತರ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದ ನಾಲ್ಕು ಅಳತೆಗಳು, ಅಲೈನ್‌ಮೆಂಟ್ ಚೀಟಿ, ಇಷ್ಟನ್ನು ಗ್ಯಾರೇಜಿನಿಂದ ತರಿಸಿ ಕಡತದಲ್ಲಿಟ್ಟುಕೊಳ್ಳಲು ಐದು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಮೂರು ತಿಂಗಳ ನಂತರ ಗಿರಾಕಿ ಬಂದು ಒಂದು ಬದಿ ಕುಸಿದಿದೆಯೆಂದು ದೂರಿದಾಗ, ಆ ನಾಲ್ಕು ಅಳತೆಗಳನ್ನು ಮತ್ತೆ ತೆಗೆದು ಪಕ್ಕದಲ್ಲಿಟ್ಟರೆ ಕುಸಿದದ್ದು ಸ್ಪ್ರಿಂಗೋ, ಸ್ಟ್ರಟ್ ಮೌಂಟೋ, ಅಥವಾ ಕಾರು ಮೊದಲಿನಿಂದಲೂ ಹಾಗೆಯೇ ಇತ್ತೋ ಎಂಬುದು ಅಲ್ಲಿಯೇ ತಿಳಿಯುತ್ತದೆ.